ಕೀ ಯಾರ ಹತ್ತಿರ ಇದೆ?

ಎನ್‌ಕ್ರಿಪ್ಟೆಡ್ ಚಾಟ್ ಆ್ಯಪ್ ಕಟ್ಟುತ್ತಿರುವ ಕೊನೆಯ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ವಿದ್ಯಾರ್ಥಿಗಳೇ,

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟ್ ಪಟ್ಟಿಗಳಲ್ಲಿ ವರ್ಷ ವರ್ಷವೂ ಕಾಣುವ ಶೀರ್ಷಿಕೆ ಒಂದಿದೆ. ‘ಸೆಕ್ಯೂರ್ ಚಾಟ್ ಅಪ್ಲಿಕೇಶನ್’ ಎಂದು ಶುರುವಾಗಿ, ಎಇಎಸ್ ಮತ್ತು ಫೈರ್‌ಬೇಸ್ ಎಂಬ ಎರಡು ಹೆಸರುಗಳ ಹತ್ತಿರ ಎಲ್ಲೋ ಮುಗಿಯುತ್ತದೆ. ನಿಮ್ಮಲ್ಲಿ ಹಲವರು ಈ ವರ್ಷವೂ ಅದನ್ನೇ ಆರಿಸಿಕೊಂಡಿದ್ದೀರಿ. ಹಳೆಯ ವಿಷಯ, ಎಲ್ಲರೂ ಮಾಡಿದ್ದು ಎಂದು ಯಾರಾದರೂ ಮೂಗು ಮುರಿದರೆ ಕಿವಿಗೆ ಹಾಕಿಕೊಳ್ಳಬೇಡಿ. ನಾಲ್ಕು ಜನರ ಬ್ಯಾಚು ಒಂದು ಸೆಮಿಸ್ಟರ್‌ನಲ್ಲಿ ನಿಜವಾಗಿ ಕಟ್ಟಿ ಮುಗಿಸಬಹುದಾದ, ಮುಗಿಸಿದ ಮೇಲೆ ಮನೆಯವರ ಫೋನಿಗೆ ಹಾಕಿ ಬಳಸಬಹುದಾದ ಕೆಲಸ ಇದು. ಕಂಪ್ಯೂಟರ್ ವಿಜ್ಞಾನದ ಗಣಿತ, ನೆಟ್‌ವರ್ಕ್, ಡೇಟಾಬೇಸ್, ಕಾನೂನು, ಮನುಷ್ಯರ ಮರ್ಯಾದೆ ಎಲ್ಲವೂ ಒಂದೇ ಕಡೆ ಕೂಡುವ ಇಂಥ ವಿಷಯ ಬೇರೆ ಸಿಗುವುದು ಕಷ್ಟ.

ಅದಕ್ಕೇ ಈ ಪತ್ರ. ಇಂಥ ಪ್ರಾಜೆಕ್ಟ್‌ಗಳ ವರದಿಗಳನ್ನು ಓದಿದಾಗ, ಡೆಮೊ ನೋಡಿದಾಗ ನಾನು ಹುಡುಕುವುದು ಒಂದೇ ಪ್ರಶ್ನೆಗೆ ಉತ್ತರ: ಕೀ ಯಾರ ಹತ್ತಿರ ಇದೆ? ಸ್ಕ್ರೀನಿನ ಬಣ್ಣ, ಲಾಗಿನ್ ಪುಟ, ಡಾರ್ಕ್ ಮೋಡ್ ಎಲ್ಲ ಆಮೇಲೆ. ಸಂದೇಶವನ್ನು ತೆರೆಯುವ ಕೀ ಕಳಿಸಿದವರು ಮತ್ತು ಪಡೆದವರು ಇಬ್ಬರನ್ನು ಬಿಟ್ಟು ಮೂರನೆಯ ಕಡೆ ಎಲ್ಲಾದರೂ ಇದ್ದರೆ, ಆ ಆ್ಯಪ್‌ಗೆ ‘ಎಂಡ್ ಟು ಎಂಡ್’ ಎಂಬ ವಿಶೇಷಣ ಹಾಕುವ ಹಕ್ಕು ನಿಮಗಿಲ್ಲ.

ಸಾಮಾನ್ಯವಾಗಿ ಕಾಣುವ ಕೋಡ್ ಹೀಗಿರುತ್ತದೆ. ಒಂದು ಜಾವಾ ಅಥವಾ ಕೋಟ್ಲಿನ್ ಫೈಲಿನ ತಲೆಯಲ್ಲಿ ಹದಿನಾರು ಅಕ್ಷರಗಳ ಒಂದು ಸ್ಟ್ರಿಂಗ್. ಅದೇ ಸೀಕ್ರೆಟ್ ಕೀ. ಕೆಳಗೆ ‘ಎಇಎಸ್’ ಎಂದಷ್ಟೇ ಹೇಳಿ ಸೈಫರ್ ಪಡೆಯುವ ಒಂದು ಸಾಲು. ಬಂದ ಉತ್ತರವನ್ನು ಬೇಸ್64 ಮಾಡಿ ಫೈರ್‌ಬೇಸ್‌ನ ಡೇಟಾಬೇಸ್ ಆದ ಫೈರ್‌ಸ್ಟೋರ್‌ಗೆ ಕಳಿಸುವ ಇನ್ನೊಂದು ಸಾಲು. ಡೆಮೊದಲ್ಲಿ ಕನ್ಸೋಲ್ ತೆರೆದರೆ ಅರ್ಥವಾಗದ ಅಕ್ಷರಗಳು ಕಾಣುತ್ತವೆ, ಎಲ್ಲರೂ ಒಪ್ಪಿಕೊಳ್ಳುತ್ತಾರೆ. ಆದರೆ ಆ್ಯಪ್ ಇನ್‌ಸ್ಟಾಲ್ ಮಾಡಿಕೊಂಡ ಪ್ರತಿಯೊಬ್ಬರ ಫೋನಿನಲ್ಲೂ ಅದೇ ಕೀ ಇದೆ. ಜ್ಯಾಡ್‌ಎಕ್ಸ್‌ನಂಥ ಉಚಿತ ಸಾಧನಕ್ಕೆ ನಿಮ್ಮ ಎಪಿಕೆ ಫೈಲನ್ನು ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಆ ಹದಿನಾರು ಅಕ್ಷರಗಳು ಕಣ್ಣಮುಂದೆ ಬರುತ್ತವೆ. ಬಾಗಿಲಿಗೆ ಬೀಗ ಜಡಿದು, ಬೀಗದ ಕೈಯನ್ನು ಊರವರಿಗೆಲ್ಲ ಒಂದೊಂದು ಹಂಚಿದ ಹಾಗೆ.

ಇನ್ನೊಂದು ತೊಂದರೆ ಅದೇ ಸಾಲಿನಲ್ಲಿದೆ. ಜಾವಾದಲ್ಲಿ ಬರೀ ‘ಎಇಎಸ್’ ಎಂದು ಕೇಳಿದರೆ ಸಿಗುವುದು ಇಸಿಬಿ ಮೋಡ್. ಅದರಲ್ಲಿ ಒಂದೇ ಕೀ, ಒಂದೇ ಪಠ್ಯ ಇದ್ದರೆ ಯಾವಾಗಲೂ ಒಂದೇ ಉತ್ತರ. ನೀವೇ ಮಾಡಿ ನೋಡಿ. ನಿಮ್ಮ ಆ್ಯಪ್‌ನಿಂದ ‘ಸರಿ’ ಎಂದು ಐದಾರು ಸಲ ಕಳಿಸಿ, ನಡುವೆ ಬೇರೆ ಸಂದೇಶಗಳನ್ನೂ ಹಾಕಿ. ಆಮೇಲೆ ಕನ್ಸೋಲ್ ತೆರೆಯಿರಿ. ಕೊನೆಯಲ್ಲಿ ಎರಡು ಸಮಚಿಹ್ನೆ ಇರುವ ಅದೇ 24 ಅಕ್ಷರಗಳ ಸಾಲು ಅಲ್ಲಲ್ಲಿ ಮರಳಿ ಮರಳಿ ಕಾಣುತ್ತದೆ. ದಿನಕ್ಕೆ ಇಪ್ಪತ್ತು ಸಲ ಬರುವ ಆ ಸಾಲು ‘ಸರಿ’ಯೋ ‘ಹೂಂ’ ಎಂಬುದೋ ಆಗಿರಬೇಕು ಎಂದು ಊಹಿಸಲು ನೋಡುವವನಿಗೆ ಯಾವ ಕೀಯೂ ಬೇಡ.

ಇದರಲ್ಲಿ ಎಇಎಸ್‌ನ ತಪ್ಪೇನೂ ಇಲ್ಲ. ಬೆಲ್ಜಿಯಂನ ಯೋನ್ ಡಾಮನ್ ಮತ್ತು ವಿನ್ಸೆಂಟ್ ರೈಮನ್ ರೂಪಿಸಿದ ರೈನ್‌ಡಾಲ್ ಎಂಬ ಸೈಫರ್, ಜಗತ್ತಿನ ತಜ್ಞರೆಲ್ಲ ಬಹಿರಂಗವಾಗಿ ಅಗೆದು ನೋಡಿದ ಸ್ಪರ್ಧೆಯಲ್ಲಿ ಗೆದ್ದು, 2001ರಲ್ಲಿ ಅಮೆರಿಕದ ಮಾನಕವಾಯಿತು. ಅದರ ಒಳಗಿನ ಪ್ರತಿ ಹೆಜ್ಜೆಯೂ ಅಂದಿನಿಂದ ಎಲ್ಲರಿಗೂ ಗೊತ್ತು. ಗೊತ್ತಿರುವುದರಿಂದ ಅದಕ್ಕೆ ಕುಂದಿಲ್ಲ. ಓಗಸ್ಟ್ ಕೆರ್ಕ್‌ಹೋಫ್ಸ್ 1883ರಲ್ಲೇ ಸೈನ್ಯದ ಗುಪ್ತಲಿಪಿಗಳ ಬಗ್ಗೆ ಬರೆಯುತ್ತಾ ಹೇಳಿದ ತತ್ವ ಇಂದಿಗೂ ಈ ಶಾಸ್ತ್ರದ ಅಡಿಗಲ್ಲು: ವಿಧಾನವೆಲ್ಲ ಶತ್ರುವಿನ ಕೈಗೆ ಸಿಕ್ಕರೂ ಕೀ ಒಂದು ಸಿಗದಿದ್ದರೆ ಸಂದೇಶ ಭದ್ರವಾಗಿರಬೇಕು. ನಿಮ್ಮಲ್ಲಿ ಕೆಲವರು ಇದನ್ನು ತಲೆಕೆಳಗು ಮಾಡುತ್ತೀರಿ. ಎಇಎಸ್ ಎಲ್ಲರಿಗೂ ಗೊತ್ತು, ನಾವೇ ಒಂದು ಹೊಸ ಅಲ್ಗಾರಿದಮ್ ಮಾಡಿದರೆ ‘ನಾವೆಲ್ಟಿ’ ಬರುತ್ತದೆ ಎಂದು ಅಕ್ಷರಗಳನ್ನು ಮೂರು ಸ್ಥಾನ ಮುಂದೆ ಜರುಗಿಸಿ, ತಿರುಗಿಸಿ, ಒಂದು ಎಕ್ಸ್‌ಓಆರ್ ಸೇರಿಸುತ್ತೀರಿ. ದಯವಿಟ್ಟು ಹಾಗೆ ಮಾಡಬೇಡಿ. ಆ ಹೊಸತನಕ್ಕೆ ಬೆಲೆ ತೆರುವವರು ನಿಮ್ಮ ಆ್ಯಪನ್ನು ನಂಬಿ ಮಾತಾಡಿದವರು.

ಹಾಗಾದರೆ ಕೀಯನ್ನು ಎಲ್ಲಿಡುವುದು? ಹಾಸನದಲ್ಲಿರುವ ಅಕ್ಕನಿಗೂ ಧಾರವಾಡದಲ್ಲಿ ಓದುತ್ತಿರುವ ತಮ್ಮನಿಗೂ ಒಂದೇ ಕೀ ಬೇಕು, ಆದರೆ ಅದನ್ನು ಸರ್ವರ್ ಮೂಲಕ ಕಳಿಸಿದರೆ ಸರ್ವರ್‌ಗೂ ಗೊತ್ತಾಗುತ್ತದೆ. ಸಾವಿರಾರು ವರ್ಷ ಈ ಶಾಸ್ತ್ರವನ್ನು ಕಾಡಿದ ಗಂಟು ಇದು. ರಾಜರು ಅದಕ್ಕಾಗಿ ನಂಬಿಕಸ್ಥ ದೂತರನ್ನು ಇಟ್ಟುಕೊಂಡಿದ್ದರು. 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ಆ ಗಂಟನ್ನು ಬಿಡಿಸಿದ ಪ್ರಬಂಧ ಪ್ರಕಟಿಸಿದರು. ಎಲ್ಲರೂ ಕೇಳಿಸಿಕೊಳ್ಳುವ ಜಾಗದಲ್ಲೇ ಇಬ್ಬರು ಮಾತಾಡಿಕೊಂಡು, ಕೇಳಿಸಿಕೊಂಡ ಯಾರಿಗೂ ಸಿಗದ ಒಂದು ಗುಟ್ಟನ್ನು ಒಪ್ಪಂದ ಮಾಡಿಕೊಳ್ಳಬಹುದು ಎಂದು ತೋರಿಸಿದರು. ನೀವು ಇದನ್ನು ಮೂರು ಅಂಕದ ಪ್ರಶ್ನೆಗೆ ಉತ್ತರವಾಗಿ ಓದಿರುತ್ತೀರಿ. ಈಗ ಅದು ನಿಮ್ಮ ಕೈಯಲ್ಲಿ ಕೆಲಸ ಮಾಡಬೇಕು.

ಅಕ್ಕ ಆ್ಯಪ್ ತೆರೆದ ಮೊದಲ ಸಲ ಅವಳ ಫೋನು ಒಂದು ಜೋಡಿ ಕೀ ಹುಟ್ಟಿಸುತ್ತದೆ. ಪಬ್ಲಿಕ್ ಕೀ ಫೈರ್‌ಸ್ಟೋರ್‌ನಲ್ಲಿ ಅವಳ ಹೆಸರಿನ ಕೆಳಗೆ ಹೋಗುತ್ತದೆ, ಯಾರು ನೋಡಿದರೂ ಚಿಂತೆಯಿಲ್ಲ. ಪ್ರೈವೇಟ್ ಕೀ, ಅಂದರೆ 32 ಬೈಟ್‌ಗಳ ಒಂದು ತುಣುಕು, ಫೋನು ಬಿಟ್ಟು ಕದಲುವುದಿಲ್ಲ. ತಮ್ಮನ ಕಡೆಯೂ ಹೀಗೇ. ಸಂದೇಶ ಕಳಿಸುವಾಗ ಅಕ್ಕನ ಫೋನು ತನ್ನ ಪ್ರೈವೇಟ್ ಕೀಯನ್ನೂ ತಮ್ಮನ ಪಬ್ಲಿಕ್ ಕೀಯನ್ನೂ ಕೂಡಿಸಿ ಒಂದು ಗುಟ್ಟು ಪಡೆಯುತ್ತದೆ. ತಮ್ಮನ ಫೋನು ತನ್ನ ಪ್ರೈವೇಟ್ ಮತ್ತು ಅಕ್ಕನ ಪಬ್ಲಿಕ್ ಸೇರಿಸಿದರೆ ಬರುವುದೂ ಅದೇ ಗುಟ್ಟು. ನಡುವೆ ಇರುವ ಕ್ಲೌಡ್‌ಗೆ ಎರಡೂ ಪಬ್ಲಿಕ್ ಕೀ ಗೊತ್ತು, ಆದರೆ ಆ ಗುಟ್ಟನ್ನು ಅವುಗಳಿಂದ ಲೆಕ್ಕ ಹಾಕಿ ತೆಗೆಯಲು ಆಗುವುದಿಲ್ಲ.

ಈ ಗಣಿತವನ್ನು ನೀವು ಬರೆಯಬೇಕಾಗಿಲ್ಲ, ಬರೆಯಲೂಬಾರದು. ಲಿಬ್‌ಸೋಡಿಯಂ ಎಂಬ ಮುಕ್ತ ಗ್ರಂಥಾಲಯವಿದೆ. ಡೇನಿಯಲ್ ಬರ್ನ್‌ಸ್ಟೈನ್ ಮತ್ತು ಸಂಗಡಿಗರ ಕೆಲಸದಿಂದ ಬೆಳೆದದ್ದು. ಅದರ ‘ಕ್ರಿಪ್ಟೋ ಬಾಕ್ಸ್’ ಎಂಬ ಒಂದು ಕರೆಯೊಳಗೆ ಕೀ ಒಪ್ಪಂದ, ಎನ್‌ಕ್ರಿಪ್ಶನ್, ಸಂದೇಶವನ್ನು ದಾರಿಯಲ್ಲಿ ಯಾರೂ ತಿದ್ದಿಲ್ಲ ಎಂಬ ಪರೀಕ್ಷೆ ಮೂರೂ ಸೇರಿವೆ. ನಿಮ್ಮ ಪಾಲಿನ ಎಚ್ಚರ ಒಂದೇ: ಪ್ರತಿ ಸಂದೇಶಕ್ಕೂ 24 ಬೈಟ್‌ಗಳ ಹೊಸ ನಾನ್ಸ್ (ಒಂದೇ ಸಲ ಬಳಸುವ ಸಂಖ್ಯೆ), ಸುರಕ್ಷಿತ ರ‍್ಯಾಂಡಮ್ ಮೂಲದಿಂದ. ಒಂದೇ ಕೀಗೆ ಒಂದೇ ನಾನ್ಸ್ ಎರಡು ಸಲ ಬಿದ್ದರೆ ಎರಡೂ ಸಂದೇಶಗಳ ನಂಟು ಹೊರಗೆ ಬೀಳುತ್ತದೆ. ಡಿಬಗ್ ಮಾಡಲು ಸುಲಭವೆಂದು ನಾನ್ಸ್ ಜಾಗದಲ್ಲಿ ಸೊನ್ನೆಗಳನ್ನು ತುಂಬಿ, ಆಮೇಲೆ ತೆಗೆಯುವುದನ್ನು ಮರೆತ ಕೋಡ್ ನನ್ನ ಕಣ್ಣಿಗೆ ಬಿದ್ದಿದೆ.

ಪ್ರೈವೇಟ್ ಕೀ ಫೋನು ಬಿಟ್ಟು ಕದಲುವುದಿಲ್ಲ ಎಂದೆ. ಆ ಮಾತು ತಾನಾಗಿ ನಿಜವಾಗುವುದಿಲ್ಲ. ಅದನ್ನು ಷೇರ್ಡ್ ಪ್ರಿಫರೆನ್ಸಸ್‌ನಲ್ಲಿ ಹಾಗೇ ಬರೆದಿಟ್ಟರೆ, ಆಂಡ್ರಾಯ್ಡ್ 6ರಿಂದ ಇರುವ ಆಟೋ ಬ್ಯಾಕಪ್ ನಿಮ್ಮ ಆ್ಯಪ್‌ನ ಫೈಲುಗಳನ್ನು ಕೇಳದೆಯೇ ಬಳಕೆದಾರರ ಗೂಗಲ್ ಖಾತೆಗೆ ಏರಿಸುತ್ತದೆ. ಒಂದು ಆ್ಯಪ್‌ಗೆ 25 ಎಂಬಿವರೆಗೆ ಜಾಗವಿದೆ. 32 ಬೈಟ್‌ನ ಕೀ ಆರಾಮವಾಗಿ ಹೋಗುತ್ತದೆ, ಬಿಡಿಸಿಟ್ಟ ಸಂದೇಶಗಳ ಡೇಟಾಬೇಸೂ ಹೋಗುತ್ತದೆ. ಮ್ಯಾನಿಫೆಸ್ಟ್‌ನಲ್ಲಿ ಆ ಬ್ಯಾಕಪನ್ನೇ ನಿಲ್ಲಿಸಿ, ಇಲ್ಲವೇ ಈ ಫೈಲುಗಳನ್ನು ಹೊರಗಿಡಿ. ಕೀಯನ್ನು ಆಂಡ್ರಾಯ್ಡ್ ಕೀಸ್ಟೋರ್‌ನಲ್ಲಿರುವ ಇನ್ನೊಂದು ಕೀಯಿಂದ ಎನ್‌ಕ್ರಿಪ್ಟ್ ಮಾಡಿ ಇಡಿ. ಐಫೋನ್ ಆದರೆ ಕೀಚೈನ್.

ಈಗ ಕ್ಲೌಡ್‌ನ ವಿಷಯ. ಇಲ್ಲೇ ನಾನು ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಹೆಚ್ಚಿನ ವರದಿಗಳಲ್ಲಿ ಕ್ಲೌಡ್ ಎಂದರೆ ಒಂದು ಮೋಡದ ಚಿತ್ರ, ಅದಕ್ಕೆ ಎರಡು ಬಾಣ, ಅಷ್ಟೆ.

ಫೈರ್‌ಸ್ಟೋರ್ ಶುರುಮಾಡುವಾಗ ಟೆಸ್ಟ್ ಮೋಡ್ ಆರಿಸಿದರೆ 30 ದಿನ ಯಾರು ಬೇಕಾದರೂ ನಿಮ್ಮ ಡೇಟಾಬೇಸನ್ನು ಓದಬಹುದು, ಬರೆಯಬಹುದು. ಅವಧಿ ಮುಗಿದಾಗ ಆ್ಯಪ್ ನಿಂತುಹೋಗುತ್ತದೆ. ಆಗ ಬಹಳ ಜನ ಮಾಡುವ ಕೆಲಸ, ಆ ದಿನಾಂಕವನ್ನು ಮುಂದಕ್ಕೆ ಹಾಕುವುದು. ಓದಲು ಬಿಟ್ಟರೆ ಏನು, ಸಂದೇಶ ಎನ್‌ಕ್ರಿಪ್ಟ್ ಆಗಿದೆಯಲ್ಲ ಎನ್ನಬಹುದು. ತೊಂದರೆ ಇರುವುದು ಬರೆಯಲು ಬಿಡುವುದರಲ್ಲಿ. ತಮ್ಮನ ಹೆಸರಿನ ಕೆಳಗಿರುವ ಪಬ್ಲಿಕ್ ಕೀಯನ್ನು ಅಳಿಸಿ ಯಾರೋ ಒಬ್ಬ ತನ್ನ ಕೀ ಬರೆದರೆ, ಅಕ್ಕನ ಫೋನು ಆ ಹೊಸ ಕೀಗೇ ಎನ್‌ಕ್ರಿಪ್ಟ್ ಮಾಡುತ್ತದೆ. ಅಕ್ಕನ ಹೆಸರಿನ ಕೆಳಗೂ ಹೀಗೇ ತನ್ನ ಕೀ ಬರೆದು, ಅವನು ಓದಿದ್ದನ್ನು ಮತ್ತೆ ತಮ್ಮನ ಅಸಲಿ ಕೀಗೆ ಎನ್‌ಕ್ರಿಪ್ಟ್ ಮಾಡಿ ಮುಂದೆ ಕಳಿಸಿದರೆ ಇಬ್ಬರಿಗೂ ಏನೂ ಗೊತ್ತಾಗುವುದಿಲ್ಲ. ಗಣಿತ ಎಲ್ಲ ಸರಿಯಾಗಿದ್ದೂ ಗುಟ್ಟು ಹೋಯಿತು. ಒಬ್ಬರ ಕೀಯನ್ನು ಲಾಗಿನ್ ಆದ ಅದೇ ಬಳಕೆದಾರ ಮಾತ್ರ ಬರೆಯಬಹುದು ಎಂಬ ನಿಯಮ ಹಾಕಿ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ, ಏಕೆಂದರೆ ಡೇಟಾಬೇಸ್‌ನ ಒಡೆಯರಿಗೆ, ಅಂದರೆ ನಿಮಗೇ, ಆ ನಿಯಮ ಅನ್ವಯಿಸುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಒಬ್ಬರ ಪ್ರೊಫೈಲ್ ಒಳಗೆ ಹೋಗಿ ‘ಎನ್‌ಕ್ರಿಪ್ಶನ್’ ಒತ್ತಿದರೆ ಒಂದು ಕ್ಯುಆರ್ ಚಿತ್ರ, ಅದರ ಕೆಳಗೆ 60 ಅಂಕಿಗಳು ಬರುತ್ತವೆ. ಅದಿರುವುದು ಇದಕ್ಕೇ. ಇಬ್ಬರೂ ಎದುರು ಕೂತಾಗಲೋ ಕರೆ ಮಾಡಿಯೋ ಅಂಕಿ ತಾಳೆ ನೋಡಿದರೆ ನಡುವೆ ಯಾರೂ ಇಲ್ಲವೆಂದು ಖಾತ್ರಿ. ನಿಮ್ಮ ಆ್ಯಪ್‌ನಲ್ಲೂ ಎರಡು ಪಬ್ಲಿಕ್ ಕೀಗಳ ಹ್ಯಾಷ್ ತೆಗೆದು ಅಂಕಿಗಳಾಗಿ ತೋರಿಸುವ ಒಂದು ಪುಟ ಇರಲಿ. ಯಾರದಾದರೂ ಕೀ ಬದಲಾದರೆ ಚಾಟ್ ಒಳಗೇ ಒಂದು ಸೂಚನೆ ಬರಲಿ. ಬರೆಯಲು ಒಂದು ಸಂಜೆ ಸಾಕು, ಆ್ಯಪ್‌ಗೆ ಬರುವ ತೂಕ ದೊಡ್ಡದು.

ಫೋಟೊಗಳಿಗೂ ಇದೇ ನ್ಯಾಯ. ಪಠ್ಯವನ್ನು ಎನ್‌ಕ್ರಿಪ್ಟ್ ಮಾಡಿ ಫೋಟೊವನ್ನು ಹಾಗೇ ಸ್ಟೋರೇಜ್‌ಗೆ ಹಾಕಿ ಲಿಂಕ್ ಕಳಿಸುವ ಆ್ಯಪ್‌ಗಳು ಬಹಳ. ಪ್ರತಿ ಫೈಲಿಗೂ ಒಂದು ಹೊಸ ರ‍್ಯಾಂಡಮ್ ಕೀ ಹುಟ್ಟಿಸಿ, ಫೈಲನ್ನು ಫೋನಿನಲ್ಲೇ ಎನ್‌ಕ್ರಿಪ್ಟ್ ಮಾಡಿ ಏರಿಸಿ, ಆ ಕೀಯನ್ನು ಸಂದೇಶದ ಒಳಗೆ ಕಳಿಸಿ. ಕ್ಲೌಡ್‌ಗೆ ಕಾಣುವುದು ಒಂದು ಮುದ್ದೆ ಬೈಟ್‌ಗಳು. ಫೈಲಿನ ಹೆಸರೂ ರ‍್ಯಾಂಡಮ್ ಇರಲಿ. ‘ಸ್ಕ್ಯಾನಿಂಗ್ ರಿಪೋರ್ಟ್’ ಎಂಬ ಹೆಸರೊಂದೇ ಅರ್ಧ ಕಥೆ ಹೇಳಿಬಿಡುತ್ತದೆ.

ನೋಟಿಫಿಕೇಶನ್ ಕೂಡ ಹೀಗೇ ಮರೆತುಹೋಗುವ ಬಾಗಿಲು. ಸಂದೇಶ ಬಂದಾಗ ‘ಅಕ್ಕ: ನಾಳೆ ಕೋರ್ಟಿಗೆ ಬಾ’ ಎಂದು ಪರದೆಯ ಮೇಲೆ ತೋರಿಸಲು ಆ ವಾಕ್ಯವನ್ನೇ ಪುಶ್ ಸೇವೆಗೆ ಕೊಟ್ಟರೆ, ಅಷ್ಟು ಹೊತ್ತು ಎನ್‌ಕ್ರಿಪ್ಟ್ ಮಾಡಿದ್ದೆಲ್ಲ ವ್ಯರ್ಥ. ಆ ಪುಶ್ ಗೂಗಲ್ ಅಥವಾ ಆ್ಯಪಲ್‌ನ ಸರ್ವರ್ ದಾಟಿಯೇ ಬರಬೇಕು. ಸರ್ಕಾರಗಳು ಈ ಎರಡು ಕಂಪನಿಗಳಿಂದ ಪುಶ್ ನೋಟಿಫಿಕೇಶನ್ ದಾಖಲೆಗಳನ್ನು ಕೇಳುತ್ತಿವೆ ಎಂದು ಅಮೆರಿಕದ ಸೆನೆಟರ್ ರಾನ್ ವೈಡನ್ 2023ರ ಡಿಸೆಂಬರ್‌ನಲ್ಲಿ ಪತ್ರ ಬರೆದು ಬಹಿರಂಗಪಡಿಸಿದರು. ಆದ್ದರಿಂದ ಪುಶ್‌ನಲ್ಲಿ ‘ಏಳು, ಏನೋ ಬಂದಿದೆ’ ಎಂಬಷ್ಟೇ ಇರಲಿ. ಎದ್ದ ಆ್ಯಪ್ ಸಂದೇಶ ತಂದು, ಫೋನಿನ ಒಳಗೇ ಬಿಡಿಸಿ ತೋರಿಸಲಿ.

ಕನ್ನಡದಲ್ಲಿ ಟೈಪ್ ಮಾಡುವವರಿಗಾಗಿ ಆ್ಯಪ್ ಕಟ್ಟುವ ನಿಮಗೆ ಇನ್ನೊಂದು ಸಣ್ಣ ವಿಷಯ ಹೇಳಬೇಕು. ಎನ್‌ಕ್ರಿಪ್ಶನ್ ಅರ್ಥವನ್ನು ಮುಚ್ಚುತ್ತದೆ, ಉದ್ದವನ್ನು ಮುಚ್ಚುವುದಿಲ್ಲ. ಯೂನಿಕೋಡ್‌ನ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್, ಒತ್ತಿಗೆ ಬಳಸುವ ಹಲಂತಕ್ಕೂ 3 ಬೈಟ್. ‘ಬರ್ತೀನಿ’ ಎಂದರೆ ಏಳು ಸಂಕೇತ, 21 ಬೈಟ್. ‘ಬರಲ್ಲ’ ಎಂದರೆ ಐದು ಸಂಕೇತ, 15 ಬೈಟ್. ಕ್ರಿಪ್ಟೋ ಬಾಕ್ಸ್‌ನಲ್ಲಿ ನಾನ್ಸ್‌ಗೆ 24, ಪರೀಕ್ಷೆಯ ಟ್ಯಾಗ್‌ಗೆ 16 ಬೈಟ್ ಸೇರಿದ ಮೇಲೂ ಒಂದು 61, ಇನ್ನೊಂದು 55. ‘ಇವತ್ತು ಬರ್ತೀಯಾ?’ ಎಂದು ಕೇಳಿದ್ದು ಗೊತ್ತಿರುವವನಿಗೆ ಉತ್ತರ ಏನೆಂದು ತಿಳಿಯಲು ಈ ಆರು ಬೈಟ್ ಸಾಕು. ಎನ್‌ಕ್ರಿಪ್ಟ್ ಮಾಡುವ ಮೊದಲು ಎಲ್ಲ ಸಂದೇಶಗಳನ್ನೂ 256 ಬೈಟ್‌ನ ಅಪವರ್ತ್ಯಕ್ಕೆ ತುಂಬಿಸಿದರೆ ಈ ಸಂದು ಮುಚ್ಚುತ್ತದೆ. ಲಿಬ್‌ಸೋಡಿಯಂನಲ್ಲೇ ಅದಕ್ಕೆ ಫಂಕ್ಷನ್ ಇದೆ. ನಿಮ್ಮ ವರದಿಯಲ್ಲಿ ನಿಜವಾದ ಹೊಸತನಕ್ಕೆ ಜಾಗ ಬೇಕೆಂದರೆ ಇಲ್ಲಿದೆ: ನಮ್ಮ ಜನ ದಿನವೂ ಬಳಸುವ ಚಿಕ್ಕ ಚಿಕ್ಕ ಉತ್ತರಗಳ ಉದ್ದ ಅಳೆಯಿರಿ, ಎಷ್ಟು ಸೋರುತ್ತದೆ ಎಂದು ಪಟ್ಟಿ ಮಾಡಿ, ತುಂಬಿಸಿದ ಮೇಲೆ ಮತ್ತೆ ಅಳೆದು ತೋರಿಸಿ.

ಫೋನು ಕಳೆದುಹೋದರೆ ಎಂಬ ಪ್ರಶ್ನೆ ವೈವಾದಲ್ಲಿ ಬಂದೇ ಬರುತ್ತದೆ. ಬಹಳ ಕಷ್ಟದ ಪ್ರಶ್ನೆ ಇದು. ವಾಟ್ಸ್‌ಆ್ಯಪ್ ತನ್ನ ಎಲ್ಲ ಸಂದೇಶಗಳಿಗೂ ಎಂಡ್ ಟು ಎಂಡ್ ಎನ್‌ಕ್ರಿಪ್ಶನ್ ಹಾಕಿ ಮುಗಿಸಿದ್ದು 2016ರ ಏಪ್ರಿಲ್‌ನಲ್ಲಿ. ಮಾಕ್ಸಿ ಮಾರ್ಲಿನ್‌ಸ್ಪೈಕ್ ಮತ್ತು ಟ್ರೆವರ್ ಪೆರಿನ್ ರೂಪಿಸಿದ ಸಿಗ್ನಲ್ ಪ್ರೋಟೊಕಾಲ್ ಅದರ ಒಳಗಿದೆ. ಆಗಲೇ ನೂರು ಕೋಟಿ ಜನ ಅದನ್ನು ಬಳಸುತ್ತಿದ್ದರು. ಆದರೆ ಅದೇ ಸಂದೇಶಗಳ ಬ್ಯಾಕಪ್ ಗೂಗಲ್ ಡ್ರೈವ್‌ಗೋ ಐಕ್ಲೌಡ್‌ಗೋ ಹೋಗುವಾಗ ಆ ರಕ್ಷಣೆ ಇರಲಿಲ್ಲ. ಅದನ್ನು ಸೇರಿಸಿದ್ದು 2021ರಲ್ಲಿ, ಅದೂ ಬಳಕೆದಾರ ತಾನಾಗಿ ಆನ್ ಮಾಡಿಕೊಂಡರೆ. ಐದು ವರ್ಷ ಮುಂಬಾಗಿಲು ಭದ್ರ, ಹಿತ್ತಿಲು ತೆರೆದಿತ್ತು. ಅಷ್ಟು ದೊಡ್ಡ ಕಂಪನಿಗೆ ಅಷ್ಟು ಕಾಲ ಹಿಡಿದದ್ದು ಉದಾಸೀನದಿಂದ ಮಾತ್ರ ಎಂದು ನಾನು ಭಾವಿಸುವುದಿಲ್ಲ. ಪಾಸ್‌ವರ್ಡ್ ಮರೆತ ಮನುಷ್ಯನಿಗೆ ಅವನ ಹಳೆಯ ಮಾತುಗಳನ್ನು ವಾಪಸ್ ಕೊಡಬೇಕು, ಆದರೆ ಕಂಪನಿಗೆ ಓದಲು ಬರಬಾರದು. ಎರಡೂ ಒಟ್ಟಿಗೆ ಆಗುವುದು ಸುಲಭವಲ್ಲ. ಅವರು ಕೊನೆಗೆ ಕೊಟ್ಟ ದಾರಿ ಎರಡು. 64 ಅಂಕಿಯ ಕೀಯನ್ನು ಬರೆದಿಟ್ಟುಕೊಳ್ಳಿ, ಇಲ್ಲವೇ ಪಾಸ್‌ವರ್ಡ್ ಇಡಿ, ಕೆಲವೇ ತಪ್ಪು ಪ್ರಯತ್ನಗಳಾದರೆ ಬೀಗ ಬೀಳುವ ವಿಶೇಷ ಹಾರ್ಡ್‌ವೇರ್‌ನಲ್ಲಿ ಕೀಯನ್ನು ನಾವು ಕಾಯುತ್ತೇವೆ ಎಂದರು.

ನಿಮ್ಮ ಹತ್ತಿರ ಆ ಹಾರ್ಡ್‌ವೇರ್ ಇಲ್ಲ. ನಾಲ್ಕು ಅಂಕಿಯ ಪಿನ್‌ನಿಂದ ಬ್ಯಾಕಪ್ ಕೀ ಮಾಡಿದರೆ ಇರುವುದೇ 10,000 ಸಾಧ್ಯತೆ. ಆರ್ಗಾನ್2ನಂಥ ನಿಧಾನವಾದ ಹ್ಯಾಷ್ ಬಳಸಿ ಪ್ರತಿ ಪ್ರಯತ್ನಕ್ಕೂ ಒಂದು ಸೆಕೆಂಡ್ ತಗಲುವಂತೆ ಮಾಡಿದರೂ ಮೂರು ಗಂಟೆಯೊಳಗೆ ಎಲ್ಲವನ್ನೂ ಪ್ರಯತ್ನಿಸಿ ಮುಗಿಸಬಹುದು. ಆದ್ದರಿಂದ ನನ್ನ ಸಲಹೆ ಕಠಿಣವಾಗಿದೆ: ಸರಳ ಆ್ಯಪ್‌ನಲ್ಲಿ ಬ್ಯಾಕಪ್ ಬೇಡವೇ ಬೇಡ. ಫೋನು ಹೋದರೆ ಹಳೆಯ ಸಂದೇಶಗಳೂ ಹೋಗಲಿ. ಇದನ್ನು ಸಣ್ಣ ಅಕ್ಷರದ ಷರತ್ತಿನಲ್ಲಿ ಹೂಳಬೇಡಿ. ಮೊದಲ ಪರದೆಯಲ್ಲೇ, ಕನ್ನಡದಲ್ಲಿ, ಅಜ್ಜಿಗೂ ಅರ್ಥವಾಗುವಂತೆ ಬರೆಯಿರಿ: ‘ಈ ಫೋನು ಕಳೆದರೆ ಹಳೆಯ ಸಂದೇಶಗಳು ವಾಪಸ್ ಬರುವುದಿಲ್ಲ.’

ಬೇರೆ ದಾರಿ ಹಿಡಿದವರೂ ಇದ್ದಾರೆ. 2013ರಲ್ಲಿ ಬಂದ ಟೆಲಿಗ್ರಾಮ್‌ನಲ್ಲಿ ಮಾಮೂಲಿ ಚಾಟ್‌ಗಳು ಕ್ಲೌಡ್‌ನಲ್ಲಿರುತ್ತವೆ, ಯಾವ ಫೋನಿನಿಂದ ತೆರೆದರೂ ಸಿಗುತ್ತವೆ. ಎಂಡ್ ಟು ಎಂಡ್ ಬೇಕೆಂದರೆ ‘ಸೀಕ್ರೆಟ್ ಚಾಟ್’ ಬೇರೆಯಾಗಿ ಶುರುಮಾಡಬೇಕು, ಗ್ರೂಪ್‌ಗಳಿಗೆ ಅದೂ ಇಲ್ಲ. ಇದೊಂದು ಆಯ್ಕೆ, ಅನುಕೂಲವೂ ಇದೆ. ಆದರೆ ಅದನ್ನು ಬಳಸುವ ಎಷ್ಟೋ ಜನ ತಮ್ಮ ಎಲ್ಲ ಮಾತೂ ಗುಟ್ಟಾಗಿದೆ ಎಂದುಕೊಂಡಿದ್ದಾರೆ. ನಿಮ್ಮ ಬಳಕೆದಾರರನ್ನು ಆ ಭ್ರಮೆಯಲ್ಲಿ ಇಡಬೇಡಿ ಎಂಬುದಷ್ಟೇ ನನ್ನ ಕೋರಿಕೆ.

ಮಾತು ಮುಚ್ಚಿದರೂ ಯಾರು ಯಾರಿಗೆ, ಎಷ್ಟು ಹೊತ್ತಿಗೆ ಎಂಬುದು ಫೈರ್‌ಸ್ಟೋರ್‌ನಲ್ಲಿ ಉಳಿಯುತ್ತದೆ. ರಾತ್ರಿ ಎರಡಕ್ಕೆ ಒಬ್ಬ ಹುಡುಗಿ ಮಹಿಳಾ ಸಹಾಯವಾಣಿಗೆ ಬರೆದಿದ್ದಾಳೆ ಎಂದು ಗೊತ್ತಾದರೆ ಏನು ಬರೆದಳೆಂದು ಓದಬೇಕಾಗಿಲ್ಲ. 2016ರಲ್ಲಿ ಅಮೆರಿಕದ ವರ್ಜೀನಿಯಾದ ಒಂದು ಗ್ರ್ಯಾಂಡ್ ಜ್ಯೂರಿ ಸಿಗ್ನಲ್ ಆ್ಯಪ್‌ನವರಿಂದ ಬಳಕೆದಾರರ ಮಾಹಿತಿ ಕೇಳಿತು. ಅವರು ಕಾನೂನಿಗೆ ತಲೆಬಾಗಿ ತಮ್ಮ ಹತ್ತಿರ ಇದ್ದುದೆಲ್ಲ ಕೊಟ್ಟರು. ಇದ್ದದ್ದು ಎರಡೇ: ಖಾತೆ ತೆರೆದ ಸಮಯ, ಕೊನೆಯ ಸಲ ಸರ್ವರ್‌ಗೆ ಸಂಪರ್ಕ ಬಂದ ದಿನ. ಇದನ್ನು ಕಾನೂನಿಗೆ ಸಡ್ಡು ಹೊಡೆದದ್ದು ಎಂದು ಓದಬೇಡಿ. ಕೂಡಿಡದಿದ್ದುದನ್ನು ಯಾರೂ ಕಸಿಯಲಾರರು, ಕದಿಯಲಾರರು, ಕೇಳಲಾರರು. ನೀವೂ ಕ್ಲೌಡನ್ನು ಉಗ್ರಾಣವಾಗಿ ಅಲ್ಲ, ದಾರಿಯಾಗಿ ಬಳಸಿ. ಸಂದೇಶ ತಲುಪಿತು ಎಂದು ಆ ಕಡೆಯ ಫೋನು ಹೇಳಿದ ಕೂಡಲೇ ಆ ಡಾಕ್ಯುಮೆಂಟ್ ಅಳಿಸಿಹೋಗಲಿ. ಯಾರೂ ಪಡೆಯದೆ ಬಿದ್ದದ್ದು ಒಂದು ವಾರಕ್ಕೋ ಎರಡು ವಾರಕ್ಕೋ ತಾನೇ ಹೋಗಲಿ. ಬಿಲ್ಲೂ ಕಡಿಮೆ ಬರುತ್ತದೆ.

ಒಂದು ಮಿತಿಯನ್ನು ವರದಿಯಲ್ಲಿ ಬಾಯಿಬಿಟ್ಟು ಹೇಳಿ. ನಾನು ಮೇಲೆ ಹೇಳಿದ ವಿಧಾನದಲ್ಲಿ ಒಬ್ಬರ ಪ್ರೈವೇಟ್ ಕೀ ಕಳುವಾದರೆ ಹಿಂದಿನ ಸಂದೇಶಗಳನ್ನು ನಕಲು ಮಾಡಿಟ್ಟುಕೊಂಡವನು ಅವೆಲ್ಲವನ್ನೂ ತೆರೆಯಬಹುದು. ಸಿಗ್ನಲ್ ಪ್ರೋಟೊಕಾಲ್‌ನ ಡಬಲ್ ರ‍್ಯಾಚೆಟ್ ಪ್ರತಿ ಸಂದೇಶಕ್ಕೂ ಕೀ ಬದಲಿಸುತ್ತಾ ಹೋಗುವುದರಿಂದ ಹಾಗಾಗುವುದಿಲ್ಲ. ಅದನ್ನು ಒಂದು ಸೆಮಿಸ್ಟರ್‌ನಲ್ಲಿ ನೀವೇ ಬರೆಯಲು ಹೊರಡಬೇಡಿ. ಇಲ್ಲ ಎಂದು ಬರೆದರೆ ಸಾಕು, ಯಾವ ಪರೀಕ್ಷಕರೂ ಅದಕ್ಕೆ ಅಂಕ ಕಡಿಮೆ ಮಾಡಬಾರದು. ಇನ್ನೊಂದು ಮಿತಿ ಫೋನಿನದೇ. 2019ರಲ್ಲಿ ಪೆಗಾಸಸ್ ಎಂಬ ಗೂಢಚಾರ ತಂತ್ರಾಂಶ ವಾಟ್ಸ್‌ಆ್ಯಪ್ ಕರೆಯ ಒಂದು ದೋಷದ ಮೂಲಕ ಸುಮಾರು 1,400 ಫೋನುಗಳನ್ನು ಗುರಿ ಮಾಡಿತು. ಭಾರತದ ಪತ್ರಕರ್ತರು, ವಕೀಲರು, ಕಾರ್ಯಕರ್ತರು ಆ ಫೋನುಗಳ ಒಡೆಯರಲ್ಲಿದ್ದರು. ಎನ್‌ಕ್ರಿಪ್ಶನ್ ಮುರಿಯುವ ಗೋಜಿಗೇ ಅದು ಹೋಗಲಿಲ್ಲ. ಫೋನೇ ಅದರ ವಶವಾದ ಮೇಲೆ ಬಿಡಿಸಿದ ಸಂದೇಶ ಅಲ್ಲೇ ಇತ್ತು.

ಇಷ್ಟೆಲ್ಲ ಮುಚ್ಚಿಡುವುದೇಕೆ, ತಪ್ಪು ಮಾಡದವರಿಗೆ ಭಯವೇಕೆ ಎಂದು ನಿಮ್ಮನ್ನು ಮನೆಯವರೇ ಕೇಳಬಹುದು. ಆ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬೇಡಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪು ಹೈದರಾಬಾದ್‌ನ ಒಬ್ಬ ಯುವ ಎಂಜಿನಿಯರನ್ನು ಹೊಡೆದು ಕೊಂದಿತು. ಅವನೂ ನಿಮ್ಮ ಹಾಗೆ ಓದಿ ಕೆಲಸಕ್ಕೆ ಸೇರಿದ್ದವನು. ಆ ವದಂತಿಯನ್ನು ಮೊದಲು ಯಾರು ಹಚ್ಚಿದರು ಎಂದು ತಿಳಿಯಬೇಕೆಂಬ ಒತ್ತಾಯದಲ್ಲಿ ನ್ಯಾಯದ ಕೂಗು ಇದ್ದೇ ಇದೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ಸಂದೇಶ ಸೇವೆಗಳು ಸಂದೇಶದ ಮೊದಲ ಮೂಲವನ್ನು ಗುರುತಿಸಲು ಆಗುವಂತಿರಬೇಕು ಎಂದು ಹೇಳಿದವು. ವಾಟ್ಸ್‌ಆ್ಯಪ್ ಅದನ್ನು ದೆಹಲಿ ಹೈಕೋರ್ಟ್‌ನಲ್ಲಿ ಪ್ರಶ್ನಿಸಿತು. ಎನ್‌ಕ್ರಿಪ್ಶನ್ ಮುರಿಯಿರಿ ಎಂದರೆ ನಾವು ಇಲ್ಲಿಂದ ಹೋಗಬೇಕಾಗುತ್ತದೆ ಎಂದು 2024ರಲ್ಲಿ ಅದರ ವಕೀಲರು ನ್ಯಾಯಾಲಯದ ಮುಂದೆ ಹೇಳಿದರು.

ನನ್ನ ನಿಲುವು ಹೇಳುತ್ತೇನೆ. ಮುರ್ಕಿಯಂಥದ್ದನ್ನು ತಡೆಯಲು ಎಲ್ಲರ ಪತ್ರ ಒಡೆದು ಓದಬೇಕಾಗಿಲ್ಲ. 2018ರ ಅದೇ ಜುಲೈನಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗಿಂತ ಹೆಚ್ಚು ಕಡೆ ಫಾರ್ವರ್ಡ್ ಮಾಡದಂತೆ ಮಿತಿ ಹಾಕಿತು. 2020ರಲ್ಲಿ, ಬಹಳ ಕೈ ದಾಟಿ ಬಂದ ಸಂದೇಶಕ್ಕೆ ಒಂದೇ ಚಾಟ್ ಎಂದಿತು. ಇದಕ್ಕೆ ಸಂದೇಶದೊಳಗೆ ಏನಿದೆ ಎಂದು ಕಂಪನಿ ಓದಲಿಲ್ಲ. ಎಷ್ಟು ಸಲ ದಾಟಿತು ಎಂಬ ಲೆಕ್ಕ ಫೋನುಗಳ ನಡುವೆಯೇ ಸಾಗಿತು. ಸಾವಾದ ಮೇಲೆ ಬಂದ ತಿದ್ದುಪಡಿ ಅದು ಎಂಬ ನೋವು ನನಗಿದೆ. ಆದರೆ ವದಂತಿಯ ವೇಗ ತಗ್ಗಿಸುವ ಕೆಲಸ ವಿನ್ಯಾಸಕಾರರದು, ಅಂದರೆ ನಿಮ್ಮದು, ಎಂಬುದನ್ನು ಅದು ತೋರಿಸುತ್ತದೆ. ನಿಮ್ಮ ಆ್ಯಪ್‌ನಲ್ಲಿ ಫಾರ್ವರ್ಡ್ ಬಟನ್ ಇಡುವ ಮೊದಲು ಇದನ್ನು ಯೋಚಿಸಿ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ ತೀರ್ಪು ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿನಲ್ಲಿದೆ. ಅವರು ನಮ್ಮ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. ಎಂಬತ್ತು ದಾಟಿದ ವಯಸ್ಸಿನಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅರ್ಜಿ ಹಾಕಿದರು. ನಿಮ್ಮ ವರದಿಯ ಪೀಠಿಕೆಯಲ್ಲಿ ‘ಇಂದಿನ ಡಿಜಿಟಲ್ ಯುಗದಲ್ಲಿ’ ಎಂದು ಶುರುವಾಗುವ ಪ್ಯಾರಾ ತೆಗೆದು ಅವರ ವಿಷಯ ಎರಡು ಸಾಲು ಬರೆಯಿರಿ. ನೀವು ಕಟ್ಟುತ್ತಿರುವುದು ಯಾವ ಹಕ್ಕಿನ ಮೇಲೆ ನಿಂತಿದೆ ಎಂದು ಓದುವವರಿಗೆ ತಿಳಿಯುತ್ತದೆ.

ಕೊನೆಯದಾಗಿ, ಅಡ್ಮಿನ್ ಮಾಡ್ಯೂಲ್. ನಮ್ಮಲ್ಲಿ ಯಾವ ಪ್ರಾಜೆಕ್ಟ್ ಆದರೂ ಅದು ಇರಲೇಬೇಕು ಎಂಬ ರೂಢಿಯಿದೆ. ‘ಅಡ್ಮಿನ್‌ಗೆ ಎಲ್ಲ ಚಾಟ್ ಕಾಣುವ ಹಾಗೆ ಒಂದು ಪುಟ ಮಾಡಿ’ ಎಂದು ನಿಮ್ಮ ಗೈಡ್ ಹೇಳಬಹುದು. ಅವರ ಉದ್ದೇಶ ಕೆಟ್ಟದ್ದಲ್ಲ, ಲೈಬ್ರರಿ ಮ್ಯಾನೇಜ್‌ಮೆಂಟ್‌ಗೂ ಹಾಸ್ಟೆಲ್ ಮ್ಯಾನೇಜ್‌ಮೆಂಟ್‌ಗೂ ಅದು ಬೇಕಾಗುತ್ತದೆ. ಇಲ್ಲಿ ಮಾತ್ರ ವಿನಯದಿಂದ ಬೇಡ ಎನ್ನಿ. ‘ಸರ್, ಆ ಪುಟ ಮಾಡಲು ಆದರೆ ನಮ್ಮ ಪ್ರಾಜೆಕ್ಟ್ ಫೇಲ್ ಆದ ಹಾಗೆ’ ಎಂದು ಕಾರಣ ವಿವರಿಸಿ. ಬಳಕೆದಾರರನ್ನು ಬ್ಲಾಕ್ ಮಾಡುವುದು, ದೂರು ಸ್ವೀಕರಿಸುವುದು, ಖಾತೆ ಅಳಿಸುವುದು ಅಡ್ಮಿನ್‌ಗೆ ಇರಲಿ. ತನಗೆ ಬಂದ ಕಿರುಕುಳದ ಸಂದೇಶವನ್ನು ಪಡೆದವಳು ತಾನೇ ಬಿಡಿಸಿ ದೂರಿನ ಜೊತೆ ಕಳಿಸುವ ದಾರಿಯೂ ಇರಲಿ, ಅದು ಅವಳ ಹಕ್ಕು.

ವೈವಾ ದಿನ ನಿಮ್ಮ ಪಿಪಿಟಿ ಆಮೇಲೆ ತೆರೆಯಿರಿ. ಮೊದಲು ಇಬ್ಬರು ಎರಡು ಫೋನಿನಲ್ಲಿ ಕನ್ನಡದಲ್ಲಿ ಮಾತಾಡಿಕೊಳ್ಳಿ, ಒಂದು ಫೋಟೊ ಕಳಿಸಿ. ಆಮೇಲೆ ಫೈರ್‌ಬೇಸ್ ಕನ್ಸೋಲ್‌ಗೆ ಲಾಗಿನ್ ಆದ ಲ್ಯಾಪ್‌ಟಾಪನ್ನು ಪರೀಕ್ಷಕರ ಕಡೆ ತಿರುಗಿಸಿ, ನಿಮ್ಮ ಎಪಿಕೆ ಫೈಲನ್ನೂ ಪೂರ್ತಿ ಸೋರ್ಸ್ ಕೋಡನ್ನೂ ಕೊಟ್ಟು, ಆ ಮಾತು ಏನಿತ್ತೆಂದು ಹುಡುಕಿ ಎಂದು ಕೇಳಿ. ನನ್ನ ಮುಂದೆ ಯಾವ ಬ್ಯಾಚು ಹಾಗೆ ಕೇಳುತ್ತದೋ ಅದರ ವರದಿಯನ್ನು ನಾನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತೇನೆ.

ಇತಿ,
ನಿಮ್ಮ ಹಿತೈಷಿ,
ಪ್ರಾಜೆಕ್ಟ್ ಪರೀಕ್ಷಕರಲ್ಲಿ ಒಬ್ಬ